ಕೇಕಿನ ಲೇಪನದ ಲೆಕ್ಕ

ಹಬ್ಬಕ್ಕೆ ಗೋಡೆಗಳಿಗೆ ಎಷ್ಟು ಸುಣ್ಣ ಬೇಕು, ಕಣಜಕ್ಕೆ ಎಷ್ಟು ಬುಟ್ಟಿ ಸಗಣಿ ಬೇಕು ಎಂಬ ಲೆಕ್ಕಗಳು ನಮ್ಮ ಮೇಡ್ಲೇರಿಯ ಮನೆಗಳಿಗೆ ಹೊಸವಲ್ಲ. ಆದರೆ ಒಂದು ಕೇಕನ್ನು ಮುಚ್ಚಲು ಎಷ್ಟು ಚಾಕೊಲೇಟು ಬೇಕು ಎಂಬ ಪ್ರಶ್ನೆಯು ನಮ್ಮ ಪಡಸಾಲೆಗೂ ಬಂದೀತೆಂದು ನಾನು ಎಣಿಸಿರಲಿಲ್ಲ. ಮೂವತ್ತು ವರ್ಷ ಗಣಿತವನ್ನು ಬೋಧಿಸಿದ ನಾನು ಅದಕ್ಕೆ ತಪ್ಪು ಉತ್ತರ ಕೊಟ್ಟೇನೆಂದಂತೂ ಕನಸಿನಲ್ಲಿಯೂ ನೆನೆದಿರಲಿಲ್ಲ.

ನನ್ನ ಅಣ್ಣನ ಮಗಳು ರಾಣೆಬೆನ್ನೂರಿನಲ್ಲಿ ಕೇಕು ಮಾಡುವುದನ್ನು ಕಲಿತು ಬಂದು, ಮನೆಯಲ್ಲಿಯೇ ಆ ಕೆಲಸವನ್ನು ಆರಂಭಿಸಿದ್ದಳು. ಅವಳು ಮೊದಲು ಮಾಡಿದ್ದು ನಮಗಾಗಿ ಒಂದು ಪುಟ್ಟ ಕೇಕು: ವ್ಯಾಸ 14 ಸೆಂಟಿಮೀಟರು, ಎತ್ತರ 7 ಸೆಂಟಿಮೀಟರು. ಅದರ ಮೇಲೆ ಅರ್ಧ ಸೆಂಟಿಮೀಟರು ದಪ್ಪನಾಗಿ ಬಳಿದದ್ದು ಗನಾಶ್ ಎಂಬ ಲೇಪ. ಸಣ್ಣಗೆ ಹೆಚ್ಚಿದ ಚಾಕೊಲೇಟಿನ ಮೇಲೆ ಬಿಸಿ ಕೆನೆಯನ್ನು ಸುರಿದು, ಕಲಸಿ, ಆರಿಸಿದರೆ ಅದು ಸಿದ್ಧವಾಗುತ್ತದೆ. ಎರಡು ಪಾಲು ಚಾಕೊಲೇಟಿಗೆ ಒಂದು ಪಾಲು ಕೆನೆ ಸೇರಿಸಿದರೆ ಆರಿದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಆ ಪುಟ್ಟ ಕೇಕಿಗೆ ಸುಮಾರು ಕಾಲು ಕಿಲೋ ಗನಾಶ್ ಹಿಡಿದಿತ್ತು.

ಕೆಲವು ದಿನಗಳಲ್ಲಿ ಅವಳಿಗೆ ಹಣ ಕೊಟ್ಟು ಮಾಡಿಸುವವರ ಮೊದಲ ಕೇಳಿಕೆ ಬಂದಿತು. ಒಂದು ಮಗುವಿನ ಹುಟ್ಟುಹಬ್ಬಕ್ಕೆ ಎರಡರಷ್ಟು ಅಗಲ, ಎರಡರಷ್ಟು ಎತ್ತರದ ಕೇಕು ಬೇಕೆಂದು ಅವರು ತಿಳಿಸಿದ್ದರು. "ಕಾಕಾ, ಗನಾಶ್ ಎಷ್ಟು ಬೇಕಾಗತದ?" ಎಂದು ಅವಳು ಕೇಳಿದಳು. ನಾನು ಪತ್ರಿಕೆಯಿಂದ ಕಣ್ಣೆತ್ತದೆ, "ಎರಡರಷ್ಟು ಕೇಕಿಗೆ ಎರಡರಷ್ಟು ಲೇಪ. ಅರ್ಧ ಕಿಲೋ" ಎಂದೆ. ಗಣಿತದ ಮಾಸ್ತರರ ಮಾತೆಂದು ಅವಳು ಅದನ್ನು ನಂಬಿದಳು. ರಾಣೆಬೆನ್ನೂರಿಗೆ ಹೋಗಿ ಅರ್ಧ ಕಿಲೋಗೆ ತಕ್ಕಷ್ಟೇ ಚಾಕೊಲೇಟು ತಂದಳು.

ದೊಡ್ಡ ಅಚ್ಚು ತುಂಬಲು ಹಿಂದಿನದಕ್ಕಿಂತ ಎಂಟರಷ್ಟು ಹಿಟ್ಟು ಹಿಡಿಯಿತು. ಆಗಲಾದರೂ ನಾನು ಎಚ್ಚರಗೊಳ್ಳಬೇಕಾಗಿತ್ತು, ಗೊಳ್ಳಲಿಲ್ಲ. ಭಾನುವಾರ ಮಧ್ಯಾಹ್ನ ಅವಳು ಕೇಕಿನ ಮೇಲ್ಭಾಗವನ್ನು ಬಳಿದು ಮುಗಿಸಿದಾಗ ಪಾತ್ರೆಯ ತಳ ಕಾಣತೊಡಗಿತ್ತು. ಸುತ್ತಲಿನ ಗೋಡೆಯೆಲ್ಲ ಬರಿದಾಗಿಯೇ ಇತ್ತು. ಹಾಲು ಬೆರೆಸಿ ಹೆಚ್ಚಿಸಬಾರದೇ ಎಂದು ನಾನು ಸೂಚಿಸಿದೆ. "ಹರಿದು ಹೋಗತದ, ಕಾಕಾ" ಎಂದಷ್ಟೇ ನುಡಿದು ಅವಳು ಮುಖ ತಿರುಗಿಸಿದಳು. ಪೇಟೆಗೆ ಹೋಗಿ ಬರಲು ಹೊತ್ತಿರಲಿಲ್ಲ.

ಮೂಲೆಯಲ್ಲಿ ಕುಳಿತಿದ್ದ ನನ್ನ ಅವ್ವ ಇದನ್ನೆಲ್ಲ ನೋಡುತ್ತಿದ್ದಳು. ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. "ಸಣ್ಣ ಕಣಜಕ್ಕ ಒಂದು ಬುಟ್ಟಿ ಸಗಣಿ ಸಾಕಾಗ್ತಿತ್ತು. ನಿಮ್ಮಪ್ಪ ಅದರ ಎರಡರಷ್ಟು ಎತ್ತರ, ಎರಡರಷ್ಟು ಅಗಲದ ಕಣಜ ತಂದಾಗ ನಾನೂ ಎರಡು ಬುಟ್ಟಿ ಕಲಸಿದ್ದೆ. ಅರ್ಧಕ್ಕ ಮುಗೀತು. ನಾಕು ಬೇಕಾತು. ಸಾಲಿ ಕಲಿಸಾಂವಗ ಇದು ಗೊತ್ತಿಲ್ಲೇನಪಾ?" ಎಂದಳು.

ನಾನು ನಾಚಿ ಕಾಗದ ತೆಗೆದುಕೊಂಡೆ. ಕೇಕು ಒಂದು ಸಿಲಿಂಡರು. ತಟ್ಟೆಯ ಮೇಲೆ ಕುಳಿತ ತಳಕ್ಕೆ ಲೇಪ ಬೇಡ. ಪುಟ್ಟ ಕೇಕಿನ ತ್ರಿಜ್ಯ 7. ಮೇಲ್ಭಾಗದ ವಿಸ್ತೀರ್ಣ 154 ಚದರ ಸೆಂಟಿಮೀಟರು. ಪರಿಧಿಯಾದ 44ನ್ನು ಎತ್ತರವಾದ 7ರಿಂದ ಗುಣಿಸಿದರೆ ಸುತ್ತಿನ ವಿಸ್ತೀರ್ಣ 308. ಒಟ್ಟು 462. ಅದಕ್ಕೆ ಅರ್ಧ ಸೆಂಟಿಮೀಟರು ದಪ್ಪ ಬಳಿಯಲು 231 ಘನ ಸೆಂಟಿಮೀಟರು ಲೇಪ ಬೇಕು. ದೊಡ್ಡ ಕೇಕಿಗೆ ಮೇಲ್ಭಾಗ 616, ಸುತ್ತು 1232, ಒಟ್ಟು 1848. ಲೇಪ 924 ಘನ ಸೆಂಟಿಮೀಟರು. ಸರಿಯಾಗಿ ನಾಲ್ಕರಷ್ಟು! ಗನಾಶ್ ನೀರಿಗಿಂತ ತುಸು ಭಾರ. ಆದುದರಿಂದ ಒಂದು ಕಿಲೋಗೂ ಮಿಗಿಲಾಗಿ ಬೇಕಾಗಿತ್ತು. ಪಾತ್ರೆಗೂ ಚಮಚಕ್ಕೂ ಅಂಟಿಕೊಳ್ಳುವುದು ಬೇರೆ. ಮಕ್ಕಳು ನೆಕ್ಕುವುದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಅಳತೆಗಳೆಲ್ಲ ಇಮ್ಮಡಿಯಾದರೆ ಒಳಗಿನ ತಿರುಳು ಎಂಟು ಮಡಿ, ಹೊರಗಿನ ಹೊದಿಕೆ ನಾಲ್ಕು ಮಡಿ. ದಪ್ಪವೊಂದು ಮಾತ್ರ ಬದಲಾಗದು. ಇದನ್ನು ನಾನು ಎಷ್ಟು ತರಗತಿಗಳಿಗೆ ಕಲಿಸಿದ್ದೆನೋ! ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ ಗೋಡೆಗೆ ಎಷ್ಟು ಇಟ್ಟಿಗೆ ಬೇಕೆಂಬುದನ್ನು ಕೂಡ ಲೆಕ್ಕ ಹಾಕಿದ್ದನು. 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ರಚಿಸಿದನು. ಇವರ ಹೆಸರುಗಳನ್ನು ಹೆಮ್ಮೆಯಿಂದ ಹೇಳುತ್ತಿದ್ದ ನನಗೆ ನಮ್ಮ ಮನೆಯ ಕಣಜ ನೆನಪಾಗಲಿಲ್ಲ.

ಹುಡುಗಿ ಉಳಿದ ಗನಾಶನ್ನು ಸ್ವಲ್ಪ ಬಿಸಿ ಮಾಡಿ, ಅಂಚಿನಿಂದ ಎಳೆಎಳೆಯಾಗಿ ಕೆಳಗಿಳಿಯುವಂತೆ ಬಿಟ್ಟಳು. ಮಕ್ಕಳು ಅದನ್ನೇ ಅಲಂಕಾರವೆಂದು ತಿಳಿದು ಕೈತಟ್ಟಿದರಂತೆ. ಆದರೂ ಅವಳು ತಾನು ಹೇಳಿದ ಕೇಕು ಇದಲ್ಲವೆಂದು ಬೆಲೆಯಲ್ಲಿ ಒಂದು ಭಾಗವನ್ನು ಬಿಟ್ಟುಕೊಟ್ಟು ಬಂದಳು. ಅಷ್ಟು ಹಣವನ್ನು ನಾನು ಕೊಡಲು ಹೋದಾಗ ತೆಗೆದುಕೊಳ್ಳಲಿಲ್ಲ.

ಮುಂದಿನ ತಿಂಗಳು ಅವಳು ಅಳತೆಪಟ್ಟಿ ಹಿಡಿದು ಮತ್ತೆ ಪಡಸಾಲೆಗೆ ಬಂದಳು. "ಕಾಕಾ, ಈ ಸಲ ಚೌಕದ ಕೇಕು" ಎಂದಳು. ನಾನು ಪತ್ರಿಕೆಯನ್ನು ಮಡಿಸಿಟ್ಟು, ಮೊದಲು ಒಂದು ಹಾಳೆಯನ್ನೂ ಪೆನ್ಸಿಲನ್ನೂ ತರಲು ಹೇಳಿದೆ.