ಎರಡು ಬೆರಳಿನ ಅಂತರ

ತಂದೆಮಕ್ಕಳಲ್ಲಿ ಒಂದಲ್ಲ ಒಂದು ವಿಷಯಕ್ಕೆ ಭಿನ್ನಾಭಿಪ್ರಾಯ ಬರುವುದು ಸಂಸಾರದಲ್ಲಿ ಸಹಜವೇ. ಕೆಲವು ಮನೆಗಳಲ್ಲಿ ಅದು ಆಸ್ತಿಯ ಸಲುವಾಗಿ ಬರುವುದು; ಕೆಲವು ಮನೆಗಳಲ್ಲಿ ವಿವಾಹಸಂಬಂಧದ ಸಲುವಾಗಿ. ನಮ್ಮ ಮನೆಯಲ್ಲಿ ಅದು ಬಂದುದು ಎರಡು ಬೆರಳಿನ ಅಂತರದ ಸಲುವಾಗಿ. ಈ ಅಂತರವಿದ್ದುದು ನಮ್ಮ ಮೋಟಾರುಗಾಡಿಯ ಟಯರಿಗೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ.

ಗಾಡಿಯೇನೂ ದೊಡ್ಡದಲ್ಲ, ಐವರು ಕುಳಿತುಕೊಳ್ಳಬಹುದಾದ, ಹಿಂದೆ ಡಿಕ್ಕಿಯುಳ್ಳ ಸಾಧಾರಣವಾದ ಸೆಡಾನ್. ನಾವು ಉದ್ಯೋಗದಿಂದ ನಿವೃತ್ತರಾದಾಗ ಕೈಗೆ ಬಂದ ಹಣದಲ್ಲಿ ಕೊಂಡುದು. ನಡೆಸುವವನು ಮಗ, ಒರಸಿ ಒಪ್ಪವಿಡುವವನೂ ಅವನೇ. ಒಂದು ದಿನ ಅವನು ಗಾಡಿಯನ್ನು ದೂರದಿಂದ ನೋಡುತ್ತ ನಿಂತು, "ಅಪ್ಪ, ಹಳ್ಳ ದಾಟುವವನು ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದಂತೆ ಕಾಣುವುದಿಲ್ಲವೇ? ಸ್ವಲ್ಪ ತಗ್ಗಿಸಿದರೆ ನೋಟವೂ ಚೆನ್ನಾಗಿರುತ್ತದೆ, ತಿರುವಿನಲ್ಲಿ ಓಲಾಟವೂ ಕಡಮೆಯಾಗುತ್ತದೆ" ಎಂದನು. ಇದಕ್ಕೆಂದೇ ತಯಾರಾದ ಗಿಡ್ಡ ಸ್ಪ್ರಿಂಗುಗಳುಂಟೆಂದು ತಿಳಿಸಿ ಬೆಲೆಯನ್ನೂ ಹೇಳಿದನು. ಆ ಬೆಲೆಯು ನಮ್ಮ ಒಂದು ತಿಂಗಳ ನಿವೃತ್ತಿವೇತನವನ್ನು ಮೀರಿತ್ತು.

ನಮಗೆ ಆಗ ಹೊಳೆದ ಜಾಣತನವನ್ನು ವಾಚಕರಲ್ಲಿ ಒಪ್ಪಿಕೊಳ್ಳಲು ಸಂಕೋಚವಾಗುತ್ತದೆ. ಹತ್ತಿರದ ಕಾರ್ಖಾನೆಯೊಂದರಲ್ಲಿ ಇದ್ದ ಸ್ಪ್ರಿಂಗಿನಿಂದಲೇ ಒಂದೊಂದು ಸುತ್ತನ್ನು ಕತ್ತರಿಸಿ ಕೊಡುವರೆಂದು ಕೇಳಿದ್ದೆವು. ಖರ್ಚು ಅಲ್ಪ. ಉದ್ದವಾದುದನ್ನು ಕತ್ತರಿಸಿದರೆ ಗಿಡ್ಡವಾಗುತ್ತದೆ. ಇದಕ್ಕೆ ಹೊಸದೇಕೆ ಎಂಬುದು ನಮ್ಮ ತರ್ಕ. ಮಗನು, "ಬೇಡ ಅಪ್ಪ. ಮಾಡಿಸಿದರೆ ಸರಿಯಾದುದನ್ನು ಮಾಡಿಸೋಣ, ಇಲ್ಲವಾದರೆ ಇದ್ದಂತೆಯೇ ಇರಲಿ" ಎಂದನು. ಆದರೆ ಹಣದ ಚೀಲ ನಮ್ಮ ಕೈಯಲ್ಲಿತ್ತು. ಅವನ ಆಸೆಯನ್ನೂ ಸಲ್ಲಿಸಿ ದುಡ್ಡನ್ನೂ ಉಳಿಸಿದೆವೆಂಬ ಹೆಮ್ಮೆಯಲ್ಲಿ ಕತ್ತರಿಸಿಯೇ ಬಿಟ್ಟೆವು. ಕೆಲಸ ಮುಗಿದಾಗ ಮೇಸ್ತ್ರಿಯು ಚಕ್ರಗಳ ಅಲೈನ್‌ಮೆಂಟ್ ಮಾಡಿಸಬೇಕೆಂದು ಹೇಳಿದನು. ಗಾಡಿ ನೇರವಾಗಿಯೇ ಹೋಗುತ್ತಿದೆಯಲ್ಲ ಎಂದು ಆ ಕೆಲವು ನೂರು ರೂಪಾಯಿಗಳನ್ನೂ ಉಳಿಸಿದೆವು.

ಮೊದಲು ಅನುಭವಿಸಿದವರು ನಮ್ಮ ಮನೆಯವರು. ರಸ್ತೆಯ ಪ್ರತಿಯೊಂದು ಉಬ್ಬಿನಲ್ಲಿಯೂ ಗಾಡಿ ಧಡ್ ಎಂದು ಕುಟ್ಟುತ್ತಿತ್ತು. ಅವರು ಸೊಂಟವನ್ನು ಹಿಡಿದುಕೊಂಡು ಸುಮ್ಮನಿರುತ್ತಿದ್ದರು.

ಆರು ತಿಂಗಳು ಹೀಗೆ ಕಳೆಯಿತು. ಆಷಾಢದಲ್ಲಿ ಮಂಗಳೂರಿನಲ್ಲಿದ್ದ ಮಗಳಿಗೆ ಪ್ರಸವಕಾಲ ಸಮೀಪಿಸಿತೆಂದು ಸುದ್ದಿ ಬಂದು, ಮೈಸೂರಿನಿಂದ ಮೂವರೂ ಹೊರಟೆವು. ಮಡಿಕೇರಿಯನ್ನು ದಾಟಿ ಸಂಪಾಜೆಯ ಘಟ್ಟವನ್ನು ಇಳಿಯುವಾಗ ಮಳೆ ಹನಿ ಕಡಿಯದೆ ಸುರಿಯುತ್ತಿತ್ತು. ಒಂದು ತಿರುವಿನಲ್ಲಿ ಮುಂಭಾಗದ ಎಡಚಕ್ರದ ಗಾಳಿ ಒಮ್ಮೆಗೇ ಹೋಯಿತು. ಗಾಡಿ ಕಣಿವೆಯ ಕಡೆಗೆ ಎಳೆಯಿತು. ಮಗನು ಗಾಬರಿಯಿಂದ ಬ್ರೇಕನ್ನು ಒತ್ತದೆ, ಚಕ್ರವನ್ನು ಬಿಗಿಯಾಗಿ ಹಿಡಿದು, ವೇಗ ತಾನಾಗಿ ಇಳಿಯುವಂತೆ ಬಿಟ್ಟು, ರಸ್ತೆಯ ಅಂಚಿನೊಳಗೇ ನಿಲ್ಲಿಸಿದನು. ಹಿಂದಿನ ಪೀಠದಲ್ಲಿ ನಮ್ಮ ಮನೆಯವರು ಬಾಣಂತಿಯ ಖಾರದ ಡಬ್ಬವನ್ನು ಎದೆಗವಚಿಕೊಂಡು ಕುಳಿತಿದ್ದರು.

ಇಳಿದು ನೋಡಿದರೆ ಟಯರು ಹೊರಗಿನಿಂದ ಹೊಸದರಂತೆಯೇ ಇತ್ತು. ಚಕ್ರವನ್ನು ಕಳಚಿ ತಿರುಗಿಸಿದಾಗ ಗೊತ್ತಾಯಿತು: ಒಳಮಗ್ಗುಲಲ್ಲಿ ಮೂರು ಬೆರಳಗಲ ರಬ್ಬರೇ ಇಲ್ಲ, ಸವೆದ ಪಂಚೆಯ ಎಳೆಗಳಂತೆ ಒಳಗಿನ ತಂತುಗಳು ಎದ್ದಿದ್ದವು. ಬಲಚಕ್ರವೂ ಅದೇ ಹಾದಿಯಲ್ಲಿತ್ತು. ಇದ್ದ ಒಂದು ಬದಲಿ ಚಕ್ರವನ್ನು ಹಾಕಿ, ಆಮೆಯ ನಡಿಗೆಯಲ್ಲಿ ಸುಳ್ಯವನ್ನು ಸೇರಿ, ಎರಡು ಟಯರುಗಳನ್ನು ಕೊಂಡು ಮುಂದೆ ಹೋದೆವು. ನಾವು ತಲಪುವ ವೇಳೆಗೆ ಮೊಮ್ಮಗಳು ಹುಟ್ಟಿ ನಾಲ್ಕು ಗಂಟೆಯಾಗಿತ್ತು.

ಮಗನು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಎದುರಾಡಿ ಹಗುರಾಗಬಹುದಿತ್ತು. ಮನೆಯವರು ಮಾತ್ರ, "ಉಳಿಸಿದ್ದು ಎಷ್ಟಾಯಿತು?" ಎಂದು ಒಮ್ಮೆ ಕೇಳಿದರು. ಅಂದಿನಿಂದ ನಾವು ಮಗನಿಗೆ ಶಿಷ್ಯರಾದೆವು. ಅವನಿಂದ ಕಲಿತುದನ್ನು ನಮ್ಮಂತಹ ಗೃಹಸ್ಥರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇವೆ.

ಸ್ಪ್ರಿಂಗು ಬಾಗುವುದು ತನ್ನ ಮೇಲೆ ಬಿದ್ದ ಭಾರಕ್ಕೆ ಅನುಗುಣವಾಗಿ ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಬಿಡಿಸಿ ಪ್ರಕಟಿಸಿದನು. ಸುರುಳಿಯ ಸ್ಪ್ರಿಂಗಿನ ಗಡಸುತನವು ಕೆಲಸಮಾಡುವ ಸುತ್ತುಗಳ ಸಂಖ್ಯೆಗೆ ವಿಲೋಮವಾಗಿರುತ್ತದೆ. 8 ಸುತ್ತುಗಳಲ್ಲಿ ಒಂದನ್ನು ಕಡಿದರೆ ಅದು ಸುಮಾರು ನೂರಕ್ಕೆ 14ರಷ್ಟು ಗಡಸಾಗುವುದು. ಆದರೆ ಗಾಡಿ ತಗ್ಗಿದಷ್ಟೂ ಚಕ್ರವು ಮೇಲೇಳಲು ಇರುವ ಎಡೆ ಕಿರಿದಾಗುವುದರಿಂದ ಈ ಗಡಸುತನವು ಸಾಲದೆ, ಕೊನೆಯ ತಡೆಯ ರಬ್ಬರಿಗೆ ಹೋಗಿ ಕುಟ್ಟುತ್ತದೆ. ನಮ್ಮ ಮನೆಯವರ ಸೊಂಟಕ್ಕೆ ತಗಲುತ್ತಿದ್ದುದು ಆ ಪೆಟ್ಟೇ. ಅಲ್ಲದೆ, ಕಡಿದ ತುದಿಯು ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ; ಚಕ್ರ ಕೆಳಕ್ಕೆ ಜೋತಾಗ ಸಡಿಲಾಗಲೂ ಬಹುದು.

ಇನ್ನು ಟಯರಿನ ವಿಷಯ. ಇಂದಿನ ಸೆಡಾನುಗಳಲ್ಲಿ ಬಹುಮಟ್ಟಿಗೆ ಮುಂಚಕ್ರಗಳನ್ನು ಹೊತ್ತಿರುವುದು ಮ್ಯಾಕ್‌ಫರ್ಸನ್ ಎಂಬ ಇಂಜಿನಿಯರನ ಹೆಸರಿನ ಸ್ಟ್ರಟ್. 1950ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್ ಗಾಡಿಯಲ್ಲಿ ಬಂದ ಈ ಏರ್ಪಾಡು ಸರಳವೂ ಅಗ್ಗವೂ ಆದುದರಿಂದ ಲೋಕವನ್ನೆಲ್ಲ ವ್ಯಾಪಿಸಿತು. ಇದರಲ್ಲಿ ಗಾಡಿಯ ಮೈ ತಗ್ಗಿದರೆ ಚಕ್ರದ ನೆತ್ತಿಯು ಸಾಮಾನ್ಯವಾಗಿ ಒಳಕ್ಕೆ ವಾಲುತ್ತದೆ. ಈ ವಾಲಿಕೆಗೆ ಕ್ಯಾಂಬರ್ ಎಂದು ಹೆಸರು. ಆಗ ಭಾರವು ಟಯರಿನ ಒಳಮಗ್ಗುಲಿಗೆ ಹೆಚ್ಚಾಗಿ ಬೀಳುವುದು.

ಆದರೆ ದೊಡ್ಡ ಅಪರಾಧಿ ಇದಲ್ಲ, ಟೋ ಎಂಬುದು. ನಾವು ಎರಡು ಪಾದಗಳನ್ನೂ ನೇರವಾಗಿಟ್ಟು ನಡೆದರೆ ಚಪ್ಪಲಿ ಸಮನಾಗಿ ಸವೆಯುತ್ತದೆ. ಹೆಬ್ಬೆರಳುಗಳನ್ನು ಹೊರಕ್ಕೆ ತಿರುಗಿಸಿಕೊಂಡು ಕಾಲೆಳೆದರೆ ಒಂದು ಅಂಚು ಹೋಗುತ್ತದೆ. ಮುಂಚಕ್ರಗಳೂ ಹಾಗೆಯೇ. ಮೈ ತಗ್ಗಿದಾಗ ಸ್ಟಿಯರಿಂಗಿನ ಸಲಾಕೆಯ ಓರೆ ಬದಲಾಗಿ, ಚಕ್ರಗಳ ಮೂತಿಗಳು ಅಷ್ಟಿಷ್ಟು ತಿರುಗಿಬಿಡುವುವು. ಎರಡೂ ಸಮವಾಗಿ ತಿರುಗಿದರೆ ಗಾಡಿ ನೇರವಾಗಿಯೇ ಹೋಗುತ್ತದೆ. ಆದರೆ ಪ್ರತಿ ಗಜದಲ್ಲಿಯೂ ಟಯರು ಪಕ್ಕಕ್ಕೆ ಉಜ್ಜಿಕೊಂಡು ಹೋಗುತ್ತದೆ. ನೇರವಾಗಿ ಹೋಗುತ್ತಿದೆಯಲ್ಲ ಎಂದು ನಾವು ನಂಬಿ ಕೆಟ್ಟುದು ಇಲ್ಲಿಯೇ. ಸ್ವಲ್ಪ ವಾಲಿಕೆಯಿದ್ದರೂ ಟೋ ಸರಿಯಾಗಿದ್ದರೆ ಟಯರು ಬಹುಕಾಲ ಬಾಳುತ್ತದೆ. ಎರಡೂ ಕೆಟ್ಟರೆ ಉಳಿಯುವುದಿಲ್ಲ.

ಮಂಗಳೂರಿನಿಂದ ಬಂದಮೇಲೆ ಕತ್ತರಿಸಿದವುಗಳನ್ನು ತೆಗೆಸಿ, ಇನ್ನೊಮ್ಮೆ ಸ್ಪ್ರಿಂಗುಗಳನ್ನು ಆರಿಸಲು ಕುಳಿತೆವು. ಮೊದಲಿನ ಎತ್ತರಕ್ಕೇ ಹೋಗೋಣವೆಂದು ಮಗನೇ ಹೇಳಿದನು, ಬೇಡವೆಂದವರು ನಾವು. ಈ ಸಲ ಹೀಗೆ ನಡೆದುಕೊಂಡೆವು. ನಮ್ಮ ಗಾಡಿಯ ಮಾದರಿಗೆಂದೇ, ಅದರ ಮುಂದಿನ ಹಿಂದಿನ ಭಾರಗಳನ್ನು ಲೆಕ್ಕಹಾಕಿ ಮಾಡಿದ ಸ್ಪ್ರಿಂಗುಗಳನ್ನೇ ತೆಗೆದುಕೊಂಡೆವು. ತಗ್ಗುವುದು 25 ಮಿಲಿಮೀಟರಿಗಿಂತ ಹೆಚ್ಚಾಗಬಾರದೆಂದು ನಿಶ್ಚಯಿಸಿದೆವು. ಏಕೆಂದರೆ ಐವರೂ ಗಂಟುಮೂಟೆಗಳೂ ಸೇರಿದಾಗ ಗಾಡಿ ಇನ್ನೂ ಕೆಳಗಿಳಿಯುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸು ವಿಧಿಸಿದ ಉಬ್ಬು 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರದ್ದು. ನಮ್ಮ ಬೀದಿಗಳಲ್ಲಿರುವವುಗಳಲ್ಲಿ ಎಷ್ಟೋ ಈ ಅಳತೆಯನ್ನು ಕೇಳಿಯೇ ಅರಿಯವು. ಹಳೆಯ ಷಾಕ್ ಅಬ್ಸಾರ್ಬರುಗಳು ಎಣ್ಣೆ ಕಾರುತ್ತಿದ್ದುದರಿಂದ ಅವನ್ನೂ ಬದಲಾಯಿಸಿದೆವು; ಗಡಸು ಸ್ಪ್ರಿಂಗನ್ನು ದಣಿದ ಷಾಕ್ ಅಬ್ಸಾರ್ಬರು ಹಿಡಿದು ನಿಲ್ಲಿಸಲಾರದು. ತೋಳುಗಳ ರಬ್ಬರು ಬುಷ್ಷುಗಳ ಬೋಲ್ಟುಗಳನ್ನು ಗಾಡಿಯ ಭಾರ ಚಕ್ರಗಳ ಮೇಲಿರುವಾಗಲೇ ಬಿಗಿಸಿದರು. ಇಲ್ಲವಾದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ.

ಅಂದೇ ಅಲೈನ್‌ಮೆಂಟ್ ಮಾಡಿಸಿದೆವು. ಕಂಪನಿಯ ಏರ್ಪಾಡಿನಲ್ಲಿ ಟೋ ಮಾತ್ರ ತಿದ್ದಲು ಬರುವಂತಿದ್ದು, ವಾಲಿಕೆಯು ಮಿತಿಯನ್ನು ಮೀರಿದ್ದುದರಿಂದ ಕ್ಯಾಂಬರ್ ಬೋಲ್ಟುಗಳನ್ನು ಹಾಕಿಸಬೇಕಾಯಿತು. ಹೊಸ ಸ್ಪ್ರಿಂಗುಗಳು ಕೆಲವು ದಿನ ಓಡಿದಮೇಲೆ ಸ್ವಲ್ಪ ಕೂರುವುದರಿಂದ, ಸಾವಿರ ಕಿಲೋಮೀಟರಿನ ಬಳಿಕ ಮತ್ತೊಮ್ಮೆ ಅಳೆಸಿದೆವು. ಮುಂದೀಪಗಳ ಕೋನವನ್ನೂ ಸರಿಪಡಿಸಿದೆವು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದೆಂದು ವಿಧಿಸುತ್ತದೆ. ಆದುದರಿಂದ ಇಂತಹ ಕೆಲಸಕ್ಕೆ ಕೈಹಾಕುವವರು ಸಾರಿಗೆಯ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಮುಂಚಿತವಾಗಿ ವಿಚಾರಿಸಿಕೊಳ್ಳುವುದು ವಿಹಿತ.

ಈಗ ಪ್ರತಿ ತಿಂಗಳ ಮೊದಲನೆಯ ಭಾನುವಾರ ಬೆಳಗ್ಗೆ, ಕಾಫಿಯಾದ ಮೇಲೆ, ಮಗನು ಸ್ಟಿಯರಿಂಗನ್ನು ಪೂರ್ತಿಯಾಗಿ ಒಂದು ಕಡೆಗೆ ತಿರುಗಿಸಿ ನಿಲ್ಲಿಸುತ್ತಾನೆ. ನಾವು ಹಳೆಯ ಚಾಪೆಯ ಮೇಲೆ ಮಂಡಿಯೂರಿ, ನಿಂತವರ ಕಣ್ಣಿಗೆ ಕಾಣದ ಆ ಒಳಮಗ್ಗುಲಿನ ಮೇಲೆ ಅಂಗೈಯನ್ನು ಅಡ್ಡಲಾಗಿ ಆಡಿಸುತ್ತೇವೆ. ಒಂದು ಕಡೆಗೆ ನುಣುಪಾಗಿಯೂ ಇನ್ನೊಂದು ಕಡೆಗೆ ಗರಗಸದಂತೆಯೂ ತೋರಿದರೆ ಟೋ ಕೆಟ್ಟಿತೆಂದು ಅರ್ಥ. ಬಳಿಕ ಗೀರುಗಳ ಆಳವನ್ನು ಒಳಗೆ, ನಡುವೆ, ಹೊರಗೆ ಎಂದು ಮೂರು ಕಡೆ ಅಳೆದು, ಮನೆಯ ಖರ್ಚಿನ ಪುಸ್ತಕದಲ್ಲಿಯೇ ಬರೆದಿಡುತ್ತೇವೆ. 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನಂತೆ ಆ ಟಯರಿನ ಆಯುಸ್ಸು ಮುಗಿಯಿತು. ನಾವು ಅಲ್ಲಿಯವರೆಗೆ ಕಾಯುವುದಿಲ್ಲ.

ಕಳೆದ ತಿಂಗಳು ಮೊಮ್ಮಗಳು ಬಂದಿದ್ದಳು. ನಮ್ಮ ಪಕ್ಕದಲ್ಲಿ ತಾನೂ ಮಂಡಿಯೂರಿ, ತನ್ನ ಪುಟ್ಟ ಅಂಗೈಯನ್ನು ಟಯರಿನ ಮೇಲೆ ಆಡಿಸಿ, "ತಾತ, ಎಲ್ಲ ಒಂದೇ ಸಮ ಇದೆ" ಎಂದಳು. ಮಗನು ಹಿಂದೆ ನಿಂತು ನಕ್ಕನು. ಸಂಪಾಜೆಯ ಅನಂತರ ಗಾಡಿಯ ವಿಷಯದಲ್ಲಿ ಅವನು ನಮ್ಮೆದುರಿಗೆ ನಕ್ಕುದು ಅದೇ ಮೊದಲು.