ಒಂದೇ ದಿನ ಎರಡು ಆಟ

ಕಳೆದ ವಾರ ಹಾನಗಲ್ಲಿನ ನಮ್ಮ ಮನೆಯಲ್ಲಿ ಸಣ್ಣ ರಂಪ. ಎಂಟನೇ ತರಗತಿಯ ಮಗನಿಗೆ ಶನಿವಾರ ಶಾಲೆಯ ಕಬಡ್ಡಿ ಪಂದ್ಯ. ಅದೇ ದಿನ ಓಣಿಯ ತಂಡ ಶಿಗ್ಗಾವಿ ಪಂದ್ಯಾವಳಿಗೆ ಹೊರಟಿತ್ತು. ಅಲ್ಲಿ ಗೆದ್ದರೆ ರೊಕ್ಕ, ಮೇಲೆ ಹೊಸ ಜೆರ್ಸಿ.

"ಅಪ್ಪಾ, ಸಾಲಿ ಟೀಮಿಗೆ ಬ್ಯಾರೆ ಹುಡುಗ್ರು ಅದಾರ. ನಾ ಶಿಗ್ಗಾವಿಗೆ ಹೊಕ್ಕೇನಿ" ಅಂದ.

ಟಿವಿಯಲ್ಲಿ ಫುಟ್ಬಾಲ್ ಬಿಡದೆ ನೋಡುವವನು ನಾನು. ಸುನಿಲ್ ಛೆಟ್ರಿಯ ಕಥೆ ತೆಗೆದೆ. 2023ರ ಸೆಪ್ಟೆಂಬರ್‌ನಲ್ಲಿ ಚೀನಾದ ಹಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್. ಇಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾಗುವ ಹೊತ್ತು. ಹಲವು ಕ್ಲಬ್‌ಗಳು ಆಟಗಾರರನ್ನು ಬಿಟ್ಟುಕೊಡಲಿಲ್ಲ. ಫಿಫಾ ಗೊತ್ತುಮಾಡಿದ ದಿನಗಳಲ್ಲವಾದ್ದರಿಂದ ಬಿಡಲೇಬೇಕೆಂಬ ನಿಯಮವೂ ಇರಲಿಲ್ಲ. ಬೆಂಗಳೂರು ಎಫ್‌ಸಿಯ ಛೆಟ್ರಿ ಹೋದರು. ಸೆಪ್ಟೆಂಬರ್ 21ರಂದು ಅವರ ಪೆನಾಲ್ಟಿ ಗೋಲಿನಿಂದ ಭಾರತ ಬಾಂಗ್ಲಾದೇಶವನ್ನು 1-0ಯಿಂದ ಸೋಲಿಸಿತು. ಅದೇ ದಿನ ಕೊಚ್ಚಿಯಲ್ಲಿ ಅವರ ಕ್ಲಬ್ ಕೇರಳ ಬ್ಲಾಸ್ಟರ್ಸ್‌ಗೆ 1-2ರಿಂದ ಸೋತಿತು.

"ಹಂಗಾದ್ರ ಕ್ಲಬ್ಬಿನವ್ರಿಗೆ ಮೋಸ ಆತಲ್ಲ? ಪಗಾರ ಕೊಡವ್ರು ಅವ್ರ ಅಲ್ಲೇನು?"

ಉತ್ತರ ಹೊಳೆಯಲಿಲ್ಲ. ಹೋಗದೆ ಉಳಿದವರಿಗೂ ಹೊಟ್ಟೆಪಾಡಿದೆ. ಅವರನ್ನು ದೇಶದ್ರೋಹಿಗಳೆಂದು ಬೈಯುವುದು ನನಗೆ ಸೇರದು. ಬೈಯಲು ಬಾಯಾದರೂ ಎಲ್ಲಿದೆ? ಇವನ ವಯಸ್ಸಿನಲ್ಲಿ ಹಿರೇಕೆರೂರಿನ ಶಾಲಾ ಪಂದ್ಯ ತಪ್ಪಿಸಿ, ಸವಣೂರಿಗೆ ರೊಕ್ಕದ ಆಟಕ್ಕೆ ಹೋದವನು ನಾನು. ನನ್ನ ಪಾಲಿಗೆ 15 ರೂಪಾಯಿ ಬಂತು. ಅಲ್ಲಿ ನಮ್ಮ ಶಾಲೆಯವರು ಆರೇ ಮಂದಿ ಆಡಿ ಸೋತರು. ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ವರ್ಷವಿಡೀ ಮಾತು ಬಿಟ್ಟ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಅವತ್ತು ಹೇಳಿದೆ.

ಮಗ ಸುಮ್ಮನೆ ಕೇಳಿ, ಸೈಕಲ್ ತೆಗೆದ.

"ಎಲ್ಲಿಗೋ?"

"ಸಾಲಿ ಟೀಮಿನ್ಯಾಗ ಖರೇನ ಎಷ್ಟು ಮಂದಿ ಅದಾರ, ಎಣಿಸಿ ಬರ್ತೇನಿ."