ಕಾಲು ನೆಲಕ್ಕೆ ಎಟಕುವಷ್ಟು

ಚಪ್ಪಲಿ ಕೊಳ್ಳಲು ಹೋದರೆ ಅಂಗಡಿಯವರು ನಂಬರ್ ಕೇಳುತ್ತಾರೆ. ರವಿಕೆ ಹೊಲಿಸಲು ಹೋದರೆ ಟೇಪು ಹಿಡಿದು ಅಳೆಯುತ್ತಾರೆ. ಮಕ್ಕಳ ಸೈಕಲ್ಲಿನಲ್ಲೂ 16, 20, 24 ಇಂಚು ಎಂದು ಬೇರೆ ಬೇರೆ ಅಳತೆಗಳಿವೆ. ಆದರೆ ಮೋಟಾರ್ ಬೈಕುಗಳ ಹೆಚ್ಚಿನ ಮಾದರಿಗಳಿಗೆ ಸೀಟಿನ ಎತ್ತರ ಒಂದೇ. ಅದಕ್ಕೆ ಹೊಂದದವರು ತಮ್ಮ ಕಾಲನ್ನೇ ಬೈದುಕೊಂಡು ಮನೆಗೆ ಬರಬೇಕು.

ನನ್ನ ಎತ್ತರ 153 ಸೆಂಟಿಮೀಟರ್. ಐದು ಅಡಿಗೆ ಕೂದಲೆಳೆಯಷ್ಟು ಹೆಚ್ಚು, ಅಷ್ಟೆ. ನನ್ನ ತಮ್ಮ ಕೆಲಸಕ್ಕೆಂದು ವಿದೇಶಕ್ಕೆ ಹೊರಟಾಗ ತನ್ನ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕನ್ನು ನಮ್ಮ ಶಿವಮೊಗ್ಗದ ಮನೆಯಲ್ಲಿ ಬಿಟ್ಟುಹೋದ. “ಅಕ್ಕಾ, ನಿಂಗೆ ಕಾಲು ಎಟಕಲ್ಲ. ಯಾರಾದ್ರೂ ಕೇಳಿದ್ರೆ ಕೊಟ್ಬಿಡು” ಎಂದಿದ್ದ. ಮಾವನವರದ್ದೂ ಅದೇ ಮಾತು: “ಸ್ಕೂಟರ್ ಇದೆಯಲ್ಲಮ್ಮ, ಅದು ಸಾಲದೇ?”

ಪೇಟೆಗೆ ಸ್ಕೂಟರ್ ಸಾಕು. ಆದರೆ ಅಮ್ಮನ ಮನೆ ಇರುವುದು ಹೆಬ್ರಿಯಲ್ಲಿ. ತೀರ್ಥಹಳ್ಳಿ ದಾಟಿ, ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಇಳಿದು, ನೂರಕ್ಕೂ ಹೆಚ್ಚು ಕಿಲೋಮೀಟರ್ ಹೋಗಬೇಕು. ಹನ್ನೆರಡು ವರ್ಷದ ಮಗಳನ್ನು ಹಿಂದೆ ಕೂರಿಸಿಕೊಂಡು ಆ ದಾರಿಯಲ್ಲಿ ಹೋಗಬೇಕೆಂಬುದು ನನ್ನ ಬಹಳ ದಿನಗಳ ಆಸೆ. ಕಾಲೇಜಿನ ದಿನಗಳಿಂದಲೂ ಅಪ್ಪನ ಬೈಕ್ ಓಡಿಸಿದ್ದರಿಂದ ಗೇರು, ಕ್ಲಚ್ಚು ಹೊಸದೇನಲ್ಲ. ಭಯ ಇದ್ದದ್ದು ಒಂದೇ, ನಿಲ್ಲಿಸುವಾಗಿನದು. ಸುಮಾರು 200 ಕೆ.ಜಿ. ತೂಕದ ಗಾಡಿ ನೇರವಾಗಿ ನಿಂತಿದ್ದರೆ ಒಂದು ಕೈಯಲ್ಲಿ ಹಿಡಿಯಬಹುದು. ಸ್ವಲ್ಪ ವಾಲಿದರೂ ಕಾಲು ತಡೆಯುತ್ತದೆ. ಆ ಹದ ಮೀರಿ ವಾಲಿದರೆ ಪೈಲ್ವಾನನಿಗೂ ಕಷ್ಟ. ಹಿಂದೆ ಮಗಳಿದ್ದಾಗ ಗಾಡಿ ಮಗುಚುವುದನ್ನು ನೆನೆಸಿಕೊಂಡರೇ ಎದೆ ಝಲ್ಲೆನ್ನುತ್ತಿತ್ತು.

ಹಾಗಾಗಿ ಮೊದಲು ಅಳತೆ ತೆಗೆದೆ. ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ಪುಸ್ತಕವೊಂದನ್ನು ಕಾಲುಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದೆ. ಮಗಳು ನೆಲದಿಂದ ಪುಸ್ತಕದ ಅಂಚಿನವರೆಗೆ ಟೇಪು ಹಿಡಿದಳು. 70 ಸೆಂ.ಮೀ. ಬೈಕಿನ ಸೀಟು 80 ಸೆಂ.ಮೀ. ಕೊರತೆ ಹತ್ತು. ಆದರೆ ಕೂತಾಗ ನಮ್ಮ ಭಾರಕ್ಕೆ ಸ್ಪ್ರಿಂಗ್ ಕುಗ್ಗಿ ಸೀಟು ಎರಡು ಸೆಂ.ಮೀ.ನಷ್ಟು ತಗ್ಗುತ್ತದೆ. ದಪ್ಪ ಅಟ್ಟೆಯ ಬೂಟು ಮೂರು ಸೆಂ.ಮೀ. ಕೊಡುತ್ತದೆ. ಉಳಿದದ್ದು ಐದು. “ಅಮ್ಮಾ, ಬರೀ ಐದು!” ಎಂದು ಅವಳು ಕುಣಿದಳು. ಬೆಟ್ಟದಂತೆ ಕಂಡಿದ್ದ ಕಷ್ಟ ಅಂಗೈ ಅಗಲಕ್ಕೆ ಬಂದಿತ್ತು.

ಮೆಕ್ಯಾನಿಕ್ ಒಬ್ಬರು ಸುಲಭದ ದಾರಿ ಹೇಳಿದರು. ಹಿಂದಿನ ಸಸ್ಪೆನ್ಷನ್ನಿನ ಲಿಂಕ್ ಬದಲಿಸಿ ಉದ್ದದ್ದು ಹಾಕಿದರೆ ಗಾಡಿಯ ಹಿಂಭಾಗವೇ ಕೆಳಗಿಳಿಯುತ್ತದಂತೆ. ನಿಜವೇ. ಆದರೆ ಅದರ ಬೆನ್ನಿಗೇ ಬೇರೆ ಕೆಲಸಗಳು ಬರುತ್ತವೆ. ಹಿಂದೆ ಮಾತ್ರ ತಗ್ಗಿದರೆ ಹೆಡ್‌ಲೈಟ್ ಆಕಾಶ ನೋಡುತ್ತದೆ, ಹ್ಯಾಂಡಲ್ ತಿರುಗುವ ಚುರುಕು ಕಡಿಮೆಯಾಗುತ್ತದೆ. ಸರಿದೂಗಿಸಲು ಮುಂದಿನ ಫೋರ್ಕನ್ನೂ ತಗ್ಗಿಸಬೇಕು. ಸೈಡ್ ಸ್ಟ್ಯಾಂಡ್ ಗಾಡಿಗಿಂತ ಉದ್ದವಾಗಿ, ನಿಲ್ಲಿಸಿದ ಬೈಕು ನೆಟ್ಟಗೆ ನಿಂತು ಸಣ್ಣ ತಳ್ಳಿಗೂ ಆಚೆ ಬೀಳಬಹುದು. ಅದನ್ನೂ ಕತ್ತರಿಸಿ ಬೆಸೆಯಬೇಕು. ನೆಲದಿಂದ ಎಂಜಿನ್‌ ತಳದವರೆಗಿನ 22 ಸೆಂ.ಮೀ. ಅಂತರವೂ ಕಡಿಮೆಯಾಗುತ್ತದೆ. ನಮ್ಮೂರ ರಸ್ತೆಯುಬ್ಬುಗಳಿಗೆ ಆ ಅಂತರ ಬೇಕೇ ಬೇಕು.

ಹಿಂದಿನ ಸ್ಪ್ರಿಂಗಿನ ಬಿಗಿತ ಸಡಿಲಿಸಿದರೂ ಸೀಟು ತುಸು ತಗ್ಗುತ್ತದೆ. ಆದರೆ ಹಿಂದೆ ಒಬ್ಬರು ಕೂರುವುದಾದರೆ ಅದನ್ನು ಬಿಗಿ ಮಾಡಬೇಕೇ ಹೊರತು ಸಡಿಲಿಸಬಾರದು. ಅದೂ ನಮಗಲ್ಲ.

ಕೊನೆಗೆ ಹೋದದ್ದು ಸೀಟು ಹೊಲಿಯುವ ಅಜ್ಜನ ಬಳಿಗೆ. ಅವರು ಕತ್ತಿ ಮುಟ್ಟಲಿಲ್ಲ. “ಮೊದಲು ಗಾಡಿ ಮೇಲೆ ಕೂತ್ಕೊಳ್ಳಿ ಅಮ್ಮ” ಎಂದು ನನ್ನ ತೊಡೆ ತಾಗುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಸೀಟಿನ ಎತ್ತರದಷ್ಟೇ ಅದರ ಅಗಲವೂ ಮುಖ್ಯ ಎಂದು ನನಗೆ ತಿಳಿದದ್ದು ಆಗ. ಅಗಲವಾದ ಸೀಟು ಕಾಲನ್ನು ಪಕ್ಕಕ್ಕೆ ಚಾಚಿಸುತ್ತದೆ, ಚಾಚಿದಷ್ಟೂ ನೆಲ ದೂರವಾಗುತ್ತದೆ.

“ಕಂಪನಿ ಸೀಟು ಹಾಗೇ ಇರ್ಲಿ. ಹಳೇದೊಂದು ತನ್ನಿ, ಅದನ್ನ ಕೊಯ್ಯೋಣ. ಕೊಯ್ಯೋದು ಸುಲಭ, ಹಾಳಾದ್ರೆ ಅಂಟಿಸೋದು ಕಷ್ಟ” ಎಂದರು. ಹಳೆಯ ಸೀಟು ತಂದುಕೊಟ್ಟೆ. ಮೇಲಿನಿಂದ ಎರಡೂವರೆ ಸೆಂ.ಮೀ. ಫೋಮ್ ತೆಗೆದು, ಟ್ಯಾಂಕಿನ ಹತ್ತಿರ ಎರಡೂ ಅಂಚುಗಳನ್ನು ಓರೆಯಾಗಿ ಕೊಯ್ದರು. ಫೋಮ್ ತೆಳುವಾದರೆ ದೂರದ ದಾರಿಯಲ್ಲಿ ಕೂತ ಜಾಗ ನೋಯುತ್ತದೆಂದು ಆ ಲೆಕ್ಕದೊಳಗೇ ಗಟ್ಟಿ ಫೋಮಿನ ಪದರವೊಂದನ್ನು ಸೇರಿಸಿದರು. ಮುಂದಕ್ಕೆ ಇಳಿಜಾರಾದರೆ ಜಾರಿ ಟ್ಯಾಂಕಿಗೆ ಬಡಿಯುತ್ತೇವೆಂದು ಮಟ್ಟ ಮತ್ತೆ ಮತ್ತೆ ನೋಡಿದರು.

ಕೂತು ನೋಡಿದೆ. ಎರಡೂ ಕಾಲಿನ ಬೆರಳ ತುದಿ ನೆಲ ಮುಟ್ಟಿತು. ಸೊಂಟವನ್ನು ಸ್ವಲ್ಪ ಎಡಕ್ಕೆ ಸರಿಸಿದರೆ ಎಡ ಪಾದ ಪೂರ್ತಿ ಊರುತ್ತಿತ್ತು. ಅಷ್ಟೇ ಬೇಕಾದದ್ದು. ಎಡಗಾಲು ನೆಲದ ಮೇಲೆ, ಬಲಗಾಲು ಬ್ರೇಕಿನ ಮೇಲೆ. ಮೋಟೋಜಿಪಿಯಲ್ಲಿ 31 ರೇಸ್ ಗೆದ್ದ ಸ್ಪೇನಿನ ಡಾನಿ ಪೆಡ್ರೋಸಾ ಅವರ ಎತ್ತರ 160 ಸೆಂ.ಮೀ. ಎಂದು ಮಗಳು ಎಲ್ಲಿಂದಲೋ ಓದಿ ಬಂದು ಮಾವನವರಿಗೆ ಹೇಳಿದಳು. “ಹಾಗಾದರೆ ನಿಮ್ಮಮ್ಮ ಇನ್ನೂ ಏಳು ಸೆಂಟಿಮೀಟರ್ ಬೆಳೀಬೇಕು” ಎಂದು ಅವರೂ ನಕ್ಕರು.

ಉಳಿದದ್ದು ಅಭ್ಯಾಸ. ಎರಡು ತಿಂಗಳು ಭಾನುವಾರ ಬೆಳಗ್ಗೆ ಖಾಲಿ ಮೈದಾನದಲ್ಲಿ ಒಬ್ಬಳೇ ನಿಲ್ಲಿಸಿದೆ, ಹೊರಟೆ, ಮತ್ತೆ ನಿಲ್ಲಿಸಿದೆ. ಗುಂಡಿಯ ಪಕ್ಕ ನಿಲ್ಲಿಸಬಾರದು. ರಸ್ತೆ ಓರೆಯಾಗಿದ್ದರೆ ಎತ್ತರದ ಬದಿಗೆ ಕಾಲು ಕೊಡಬೇಕು. ಮಗಳಿಗೂ ಒಂದು ನಿಯಮ: ನಾನು “ಹ್ಞೂಂ” ಎನ್ನುವವರೆಗೆ ಹತ್ತುವಂತಿಲ್ಲ, ಇಳಿಯುವಂತಿಲ್ಲ.

ಡಿಸೆಂಬರಿನ ಒಂದು ಬೆಳಗ್ಗೆ ಹೊರಟೆವು. ಆಗುಂಬೆಯ ಒಂದು ತಿರುವಿನಲ್ಲಿ ಮಿನಿ ಬಸ್ಸೊಂದು ಎದುರಾಗಿ ನಡುವೆಯೇ ನಿಲ್ಲಬೇಕಾಯಿತು. ರಸ್ತೆ ಬಲಕ್ಕೆ ತಗ್ಗಾಗಿತ್ತು. ಎಡಕ್ಕೆ ಸರಿದು ಪಾದ ಊರಿದೆ. ಗಾಡಿ ಅಲುಗಲಿಲ್ಲ. ಬೆನ್ನ ಹಿಂದೆ ಮಗಳು ಉಸಿರು ಬಿಗಿಹಿಡಿದು ಕೂತಿದ್ದು ಗೊತ್ತಾಯಿತು. ಬಸ್ಸು ಹೋದ ಮೇಲೆ ಮೆಲ್ಲಗೆ ಕ್ಲಚ್ ಬಿಟ್ಟೆ. ಮಧ್ಯಾಹ್ನದ ಊಟಕ್ಕೆ ಅಮ್ಮನ ಮನೆಯಲ್ಲಿದ್ದೆವು.

ಈಗ ಹೊಸ ಹಿಮಾಲಯನ್ 450ರಲ್ಲಿ ಸೀಟನ್ನು 825 ಅಥವಾ 845 ಮಿ.ಮೀ. ಎತ್ತರಕ್ಕೆ ಹೊಂದಿಸಿಕೊಳ್ಳಬಹುದು. ಇನ್ನೂ ತಗ್ಗಿನ ಸೀಟೂ ಬೇರೆಯಾಗಿ ಸಿಗುತ್ತದೆ. ತಯಾರಕರಿಗೂ ನಮ್ಮಂಥವರ ನೆನಪಾಗಿದೆ ಎಂದು ಸಮಾಧಾನ. ನಮ್ಮ ಗಾಡಿಯ ಕಂಪನಿ ಸೀಟು ಮಾತ್ರ ಬಟ್ಟೆಯಲ್ಲಿ ಸುತ್ತಿಕೊಂಡು ಅಟ್ಟದಲ್ಲಿದೆ. ಮಗಳು ಈಗಲೇ ನನ್ನ ಕಿವಿಯ ಎತ್ತರಕ್ಕೆ ಬಂದಿದ್ದಾಳೆ. ಅವಳಿಗೆ 18 ತುಂಬುವ ಹೊತ್ತಿಗೆ ಅದು ಬೇಕಾಗಬಹುದು.